ಸುರಂಗದೊಳಗೂ ಪೇಪರ್ ಬಿಳಿಯೇ: ಬದಲಾಗುವ ಬೆಳಕಿಗೆ ಕಣ್ಣು ಒಗ್ಗಿಕೊಳ್ಳುವ ಬಗೆ

ಸಕಲೇಶಪುರ ದಾಟಿದ ಮೇಲೆ ಮಂಗಳೂರು ಕಡೆಯ ಹಗಲು ರೈಲು ಘಟ್ಟ ಇಳಿಯತೊಡಗುತ್ತದೆ. ದೋಣಿಗಲ್, ಎಡಕುಮೇರಿ, ಶಿರಿಬಾಗಿಲು, ಆಮೇಲೆ ಸುಬ್ರಹ್ಮಣ್ಯ ರೋಡ್. ಸುಮಾರು 55 ಕಿಲೋಮೀಟರ್ ದಾರಿ, 57 ಸುರಂಗ. ಪ್ರತಿ ಸುರಂಗ ಬಂದಾಗಲೂ ಬೋಗಿಯಲ್ಲಿರುವ ಮಕ್ಕಳೆಲ್ಲ ಹೋ ಎಂದು ಕೂಗುತ್ತಾರೆ. ಹತ್ತನೆಯ ಸುರಂಗ ಬಂದರೂ ಆ ಉತ್ಸಾಹ ಇಳಿಯುವುದಿಲ್ಲ.

ಒಂದು ಮಳೆಗಾಲದಲ್ಲಿ ಆ ದಾರಿಯಲ್ಲಿ ಹೋಗುವಾಗ ನನ್ನ ಕೈಯಲ್ಲಿ ಅವತ್ತಿನ ಪೇಪರ್ ಇತ್ತು. ರೈಲು ಸುರಂಗಕ್ಕೆ ಹೊಕ್ಕಿತು. ಒಂದು ಕ್ಷಣ ಎಲ್ಲ ಕತ್ತಲು. ಮರುಕ್ಷಣ ಬೋಗಿಯ ದೀಪದಲ್ಲಿ ಎದುರಿಗೆ ಕೂತ ಅಜ್ಜಿಯ ಮುಖ ಕಂಡಿತು, ಪೇಪರಿನ ಅಕ್ಷರವೂ ಕಂಡಿತು. ಹೊರಗೆ ಬಂದಾಗ ಕಣ್ಣು ಕೋರೈಸಿತು, ಎರಡು ಸಲ ರೆಪ್ಪೆ ಬಡಿಯುವಷ್ಟರಲ್ಲಿ ಮತ್ತೆ ಸರಿಹೋಯಿತು. ಹತ್ತಾರು ಸಲ ಹೀಗೇ ಆದ ಮೇಲೆ ಒಂದು ಸಂಗತಿ ನನ್ನನ್ನು ಹಿಡಿದುಕೊಂಡಿತು. ಒಳಗೂ ಹೊರಗೂ ಹಾಳೆ ಬಿಳಿಯಾಗಿಯೇ ಇದೆ. ಅಕ್ಷರ ಕಪ್ಪಾಗಿಯೇ ಇದೆ.

ಇದರಲ್ಲೇನು ದೊಡ್ಡ ವಿಷಯ ಅನ್ನಿಸಬಹುದು. ಸ್ವಲ್ಪ ಲೆಕ್ಕ ಹಾಕೋಣ. ಒಂದು ಜಾಗದ ಮೇಲೆ ಎಷ್ಟು ಬೆಳಕು ಬೀಳುತ್ತಿದೆ ಅನ್ನುವುದನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಮೋಡ ಕವಿದ ಹಗಲಿನಲ್ಲಿ ಹೊರಗೆ ಸುಮಾರು 10,000 ಲಕ್ಸ್ ಇರುತ್ತದೆ. ಸುರಂಗದೊಳಗೆ, ಬೋಗಿಯ ದೀಪದಡಿ, 100 ಲಕ್ಸ್ ಅಂತಿಟ್ಟುಕೊಳ್ಳಿ. ಪೇಪರಿನ ಖಾಲಿ ಜಾಗ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 60 ಪಾಲು ವಾಪಸ್ ಕಳಿಸುತ್ತದೆ, ಶಾಯಿ ಬರೀ 6 ಪಾಲು ಕಳಿಸುತ್ತದೆ ಎನ್ನೋಣ. ಹಾಗಾದರೆ ಒಳಗೆ ಹಾಳೆಯಿಂದ 60, ಶಾಯಿಯಿಂದ 6. ಹೊರಗೆ ಹಾಳೆಯಿಂದ 6,000, ಶಾಯಿಯಿಂದ 600. ಈಗ ಇನ್ನೊಮ್ಮೆ ನೋಡಿ. ಒಳಗಿನ ಬಿಳಿ ಹಾಳೆಗಿಂತ ಹೊರಗಿನ ಕಪ್ಪು ಶಾಯಿ ಹತ್ತು ಪಟ್ಟು ಜಾಸ್ತಿ ಬೆಳಕನ್ನು ಕಣ್ಣಿಗೆ ಕಳಿಸುತ್ತಿದೆ! ಆದರೂ ಅದು ಕಪ್ಪು, ಇದು ಬಿಳಿ.

ಬದಲಾಗದೆ ಉಳಿದದ್ದು ಒಂದೇ. ಹಾಳೆಗೂ ಶಾಯಿಗೂ ಇರುವ ಅನುಪಾತ. ಒಳಗೂ ಹತ್ತಕ್ಕೆ ಒಂದು, ಹೊರಗೂ ಹತ್ತಕ್ಕೆ ಒಂದು. ಕಣ್ಣು ಗಟ್ಟಿಯಾಗಿ ಹಿಡಿದುಕೊಳ್ಳುವುದು ಇದನ್ನೇ. ಒಟ್ಟು ಬೆಳಕು ಎಷ್ಟಿದೆ ಅನ್ನುವ ಲೆಕ್ಕವನ್ನು ಬಹುಪಾಲು ದಾರಿಯಲ್ಲೇ ಬಿಟ್ಟುಬಿಡುತ್ತದೆ. ಹೇಗೆ ಬಿಡುತ್ತದೆ, ಯಾವ ಕೋಶ ಎಲ್ಲಿ ಏನು ಮಾಡುತ್ತದೆ ಅನ್ನುವುದನ್ನು ತಿಳಿದಾಗಿನಿಂದ ನನಗೆ ಕಣ್ಣಿನ ಮೇಲೆ ಗೌರವ ಇಮ್ಮಡಿಯಾಗಿದೆ.

ಚಿನ್ನದ ತಕ್ಕಡಿ, ಲಾರಿಯ ತೂಕ

ಮೊದಲು ಕಷ್ಟ ಏನು ಅಂತ ನೋಡೋಣ. ನೆತ್ತಿಯ ಮೇಲೆ ಬಿಸಿಲಿದ್ದಾಗ ಸುಮಾರು 1,00,000 ಲಕ್ಸ್. ಮನೆಯ ಟ್ಯೂಬ್‌ಲೈಟ್ ಅಡಿಯಲ್ಲಿ ನೂರಿನ್ನೂರು. ಹುಣ್ಣಿಮೆ ರಾತ್ರಿ ಒಂದು ಲಕ್ಸ್ ಕೂಡ ಇಲ್ಲ, ಅದರ ಕಾಲುಭಾಗಕ್ಕಿಂತ ಕಡಿಮೆ. ಬರೀ ನಕ್ಷತ್ರಗಳಿರುವ ರಾತ್ರಿ ಸಾವಿರದಲ್ಲೊಂದು ಲಕ್ಸ್‌ನಷ್ಟು. ಬಿಸಿಲಿಗೂ ನಕ್ಷತ್ರದ ಬೆಳಕಿಗೂ ನಡುವೆ 10 ಕೋಟಿ ಪಟ್ಟು ವ್ಯತ್ಯಾಸ. ಈ ಎರಡರಲ್ಲೂ ನಾವು ಎಡವದೆ ನಡೆಯುತ್ತೇವೆ.

ಆದರೆ ಕಣ್ಣಿನಿಂದ ಮಿದುಳಿಗೆ ಸುದ್ದಿ ಒಯ್ಯುವ ನರಕೋಶ ಮಾತಾಡುವುದು ಮಿಡಿತಗಳಲ್ಲಿ. ಸುಮ್ಮನಿದ್ದರೆ ಸೊನ್ನೆ, ಜೋರಾಗಿ ಕೂಗಿದರೆ ಸೆಕೆಂಡಿಗೆ ಕೆಲವು ನೂರು. ಅದಕ್ಕಿಂತ ಹೆಚ್ಚು ಅದರ ಕೈಲಾಗದು. 10 ಕೋಟಿ ಪಟ್ಟಿನ ಹರವನ್ನು ಕೆಲವೇ ನೂರು ಮೆಟ್ಟಿಲಲ್ಲಿ ಹೇಳಿ ಮುಗಿಸಬೇಕು.

ಚಿನ್ನದಂಗಡಿಯ ತಕ್ಕಡಿ ಗೊತ್ತಲ್ವಾ? ಮೂಗುಬೊಟ್ಟಿನ ತೂಕದಲ್ಲಿ ಕೂದಲೆಳೆಯಷ್ಟು ಫರಕು ಬಂದರೂ ಹೇಳುತ್ತದೆ. ಅದರ ಮೇಲೆ ಲಾರಿ ನಿಲ್ಲಿಸಲಾಗದು. ಲಾರಿ ತೂಗುವ ವೇಬ್ರಿಡ್ಜ್ ಬೇರೆ, ಅದಕ್ಕೆ ಮೂಗುಬೊಟ್ಟು ಇದೆಯೋ ಇಲ್ಲವೋ ಅನ್ನುವುದೇ ತಿಳಿಯದು. ಕಣ್ಣಿನ ಬಳಿ ಇರುವುದು ಒಂದೇ ತಕ್ಕಡಿ. ಲಾರಿ ಬಂದರೆ ಅದು ವೇಬ್ರಿಡ್ಜ್ ಆಗಬೇಕು, ಮೂಗುಬೊಟ್ಟು ಬಂದರೆ ಚಿನ್ನದ ತಕ್ಕಡಿ ಆಗಬೇಕು. ಅದೂ ಯಾರೂ ಗುಂಡಿ ಒತ್ತದೆ, ತಾನಾಗಿಯೇ.

ಇದೆಲ್ಲ ಕಣ್ಣಿನ ಪಾಪೆಯ ಕೆಲಸ ಅಂತ ಶಾಲೆಯಲ್ಲಿ ಓದಿದ ನೆನಪು ಹಲವರಿಗಿರುತ್ತದೆ. ಪಾಪೆ ಬಿಸಿಲಲ್ಲಿ ಕುಗ್ಗುತ್ತದೆ, ಕತ್ತಲಲ್ಲಿ ಹಿಗ್ಗುತ್ತದೆ, ನಿಜ. ಆದರೆ ಹೆಚ್ಚೆಂದರೆ 2 ಮಿಲಿಮೀಟರಿನಿಂದ 8 ಮಿಲಿಮೀಟರಿಗೆ. ಅಡ್ಡಳತೆ ನಾಲ್ಕು ಪಟ್ಟಾದರೆ ಬೆಳಕು ನುಗ್ಗುವ ಜಾಗ 16 ಪಟ್ಟಾಗುತ್ತದೆ, ಅಷ್ಟೇ. 10 ಕೋಟಿ ಎಲ್ಲಿ, 16 ಎಲ್ಲಿ! ಉಳಿದ ಕೆಲಸವೆಲ್ಲ ಕಣ್ಣಿನ ಹಿಂಭಾಗದ ತೆಳು ಪರದೆ ರೆಟಿನಾದಲ್ಲಿ ಮತ್ತು ಅದರಾಚೆ ನಡೆಯುತ್ತದೆ.

ಮೊದಲ ಹೊಂದಾಣಿಕೆ ಬೆಳಕು ಹಿಡಿಯುವ ಕೋಶದೊಳಗೇ

ರೆಟಿನಾದಲ್ಲಿ ಬೆಳಕು ಹಿಡಿಯುವ ಕೋಶಗಳು ಎರಡು ಜಾತಿ. ಕಡ್ಡಿಯಂತಿರುವ ರಾಡ್, ಶಂಕುವಿನಂತಿರುವ ಕೋನ್. ರಾಡ್‌ಗಳು ಸುಮಾರು 12 ಕೋಟಿ ಎಂದು ಪುಸ್ತಕಗಳು ಹೇಳುತ್ತವೆ, ಕೋನ್‌ಗಳು ಸುಮಾರು 60 ಲಕ್ಷ. ಹಗಲಿನ ನೋಟ, ಬಣ್ಣ, ಓದು, ಹೊಲಿಗೆ ಎಲ್ಲ ಕೋನ್‌ಗಳದ್ದು. ಕತ್ತಲ ನೋಟ ರಾಡ್‌ಗಳದ್ದು.

ರಾಡ್ ಎಷ್ಟು ಸೂಕ್ಷ್ಮ ಅನ್ನುವುದಕ್ಕೆ ಎರಡು ಪ್ರಯೋಗ ಹೇಳುತ್ತೇನೆ. 1942ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಸೆಲಿಗ್ ಹೆಕ್ಟ್ ಮತ್ತು ಅವರ ಇಬ್ಬರು ಜೊತೆಗಾರರು ಜನರನ್ನು ಕತ್ತಲಲ್ಲಿ ಕೂರಿಸಿ ಅತಿ ಸಣ್ಣ ಮಿಂಚು ತೋರಿಸಿದರು. ರೆಟಿನಾ 5ರಿಂದ 14 ಬೆಳಕಿನ ಕಣ, ಅಂದರೆ ಫೋಟಾನ್, ಹೀರಿಕೊಂಡರೆ ಸಾಕು, "ಕಂಡಿತು" ಎಂದು ಜನ ಹೇಳಬಲ್ಲರು ಅನ್ನುವುದು ಅವರ ಲೆಕ್ಕ. ಆ ಕೆಲವೇ ಕಣಗಳು ನೂರಾರು ರಾಡ್‌ಗಳ ಮೇಲೆ ಹರಡಿ ಬಿದ್ದಿರುತ್ತವೆ. ಹಾಗಾಗಿ ಒಂದು ರಾಡ್ ಒಂದೇ ಒಂದು ಫೋಟಾನ್‌ಗೂ ಮಿಸುಕಬೇಕು. 1979ರಲ್ಲಿ ಡೆನಿಸ್ ಬೇಲರ್, ಟ್ರೆವರ್ ಲ್ಯಾಂಬ್ ಮತ್ತು ಕಿಂಗ್-ವಾಯ್ ಯಾವ್ ಅದನ್ನು ನೇರವಾಗಿ ತೋರಿಸಿದರು. ನೆಲಗಪ್ಪೆಯ ಕಣ್ಣಿನ ಒಂದು ರಾಡ್ ಅನ್ನು ಸಪೂರ ಗಾಜಿನ ಕೊಳವೆಯೊಳಗೆ ಮೆಲ್ಲಗೆ ಎಳೆದುಕೊಂಡು ಅದರ ವಿದ್ಯುತ್ತನ್ನು ಅಳೆದರು. ಒಂದು ಫೋಟಾನ್ ಬಿದ್ದಾಗ ಒಂದು ಪುಟ್ಟ ಅಲೆ. ಎರಡು ಬಿದ್ದಾಗ ಅದರ ಎರಡರಷ್ಟು.

ಇಷ್ಟು ಸೂಕ್ಷ್ಮ ಕೋಶಕ್ಕೆ ಬೆಳಕು ಜಾಸ್ತಿಯಾದರೆ ಏನು ಗತಿ? ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಏರ್ಪಾಡು ಇದೆ. ಸ್ವಲ್ಪ ನಿಧಾನವಾಗಿ ಓದಿ.

ಕತ್ತಲಲ್ಲಿ ರಾಡ್‌ನ ಗೋಡೆಯಲ್ಲಿರುವ ಪುಟ್ಟ ಬಾಗಿಲುಗಳು ತೆರೆದೇ ಇರುತ್ತವೆ. ಅವನ್ನು ತೆರೆದು ಹಿಡಿದಿರುವುದು ಸಿಜಿಎಂಪಿ ಎಂಬ ಸಣ್ಣ ಅಣು. ತೆರೆದ ಬಾಗಿಲಿನಿಂದ ಸೋಡಿಯಂ ಒಳಗೆ ಬರುತ್ತಿರುತ್ತದೆ, ಜೊತೆಗೆ ಕ್ಯಾಲ್ಸಿಯಂ ಕೂಡ. ಬೆಳಕು ಬಿದ್ದಾಗ ಕೋಶದೊಳಗಿನ ರೊಡಾಪ್ಸಿನ್ ಎಂಬ ಬಣ್ಣದ ಅಣು ಎಚ್ಚರಗೊಳ್ಳುತ್ತದೆ, ಒಂದರ ಹಿಂದೊಂದು ಕೆಲಸ ನಡೆದು ಸಿಜಿಎಂಪಿ ನಾಶವಾಗುತ್ತದೆ, ಬಾಗಿಲು ಮುಚ್ಚುತ್ತವೆ. ಹೌದು, ಬೆಳಕು ಬಿದ್ದಾಗ ಈ ಕೋಶದ ಒಳಹರಿವು ನಿಲ್ಲುತ್ತದೆ. ನಾವು ಅಂದುಕೊಳ್ಳುವುದಕ್ಕೆ ಪೂರ್ತಿ ಉಲ್ಟಾ.

ಬಾಗಿಲು ಮುಚ್ಚಿದ ಮೇಲೆ ಹೊಸ ಕ್ಯಾಲ್ಸಿಯಂ ಒಳಗೆ ಬರುವುದಿಲ್ಲ. ಆದರೆ ಒಳಗಿದ್ದ ಕ್ಯಾಲ್ಸಿಯಂ ಅನ್ನು ಹೊರಹಾಕುವ ಪಂಪು ಮಾತ್ರ ಓಡುತ್ತಲೇ ಇರುತ್ತದೆ. ಒಳಗೆ ಕ್ಯಾಲ್ಸಿಯಂ ಇಳಿಯುತ್ತದೆ. ಈ ಇಳಿಕೆಯೇ ಸೂಚನೆ. ಕ್ಯಾಲ್ಸಿಯಂ ಇಳಿದಾಗ ಸಿಜಿಎಂಪಿ ತಯಾರಿಸುವ ಕಿಣ್ವ ಚುರುಕಾಗುತ್ತದೆ, ಎಚ್ಚರಗೊಂಡ ರೊಡಾಪ್ಸಿನ್ ಬೇಗ ತಣ್ಣಗಾಗುತ್ತದೆ, ಕೆಲವು ಬಾಗಿಲು ಮತ್ತೆ ತೆರೆಯುತ್ತವೆ. ಬೆಳಕು ಇನ್ನೂ ಇದೆ, ಆದರೆ ಕೋಶಕ್ಕೆ ಮತ್ತೆ ಮೇಲೆ ಕೆಳಗೆ ಓಡಾಡಲು ಜಾಗ ಸಿಕ್ಕಿತು. ಇದೇ ಏರ್ಪಾಡು ಕೋನ್‌ಗಳಲ್ಲೂ ಇದೆ, ಅಲ್ಲಿ ಇನ್ನೂ ವೇಗವಾಗಿ, ಇನ್ನೂ ಬಲವಾಗಿ ನಡೆಯುತ್ತದೆ. 1988ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಒಂದು ಪರೀಕ್ಷೆ ಮಾಡಿದವು. ಕೋಶದೊಳಗಿನ ಕ್ಯಾಲ್ಸಿಯಂ ಬದಲಾಗದಂತೆ ತಡೆದವು. ಬೆಳಕಿಗೆ ಹೊಂದಿಕೊಳ್ಳುವ ಶಕ್ತಿ ಹೆಚ್ಚುಕಡಿಮೆ ಮಾಯವಾಯಿತು.

ಸುರಂಗದಿಂದ ಹೊರಬಂದಾಗ ಎರಡು ರೆಪ್ಪೆ ಬಡಿತದಲ್ಲಿ ಕಣ್ಣು ಸರಿಹೋಯಿತಲ್ಲ, ಅದರಲ್ಲಿ ಈ ಕ್ಯಾಲ್ಸಿಯಂ ಕೆಲಸಕ್ಕೆ ದೊಡ್ಡ ಪಾಲಿದೆ.

ಕತ್ತಲಿಗೆ ಒಗ್ಗುವುದು ಮಾತ್ರ ಬೇರೆ ಕಥೆ. ರಾತ್ರಿ ಊಟದ ಹೊತ್ತಿಗೆ ಕರೆಂಟ್ ಹೋದದ್ದನ್ನು ನೆನಪಿಸಿಕೊಳ್ಳಿ. ಮೊದಲು ತಟ್ಟೆಯೂ ಕಾಣದು. ಕೆಲವು ನಿಮಿಷದಲ್ಲಿ ಕಿಟಕಿಯ ಚೌಕಟ್ಟು ಕಾಣುತ್ತದೆ. ಯಾರೂ ದೀಪ ಹಚ್ಚದೆ ಅರ್ಧ ಗಂಟೆ ಹಾಗೇ ಕೂತರೆ, ಅಂಗಳದ ತುಳಸಿಕಟ್ಟೆಯೂ ಕಾಣುತ್ತದೆ. ಮೊದಲ ಹತ್ತು ನಿಮಿಷದೊಳಗೆ ಕೋನ್‌ಗಳು ತಮ್ಮ ಕೈಲಾದಷ್ಟು ಚುರುಕಾಗಿ ಸುಮ್ಮನಾಗುತ್ತವೆ. ಆಮೇಲೆ ರಾಡ್‌ಗಳ ಸರದಿ. ಅವು ಪೂರ್ತಿ ಚುರುಕಾಗಲು 30ರಿಂದ 40 ನಿಮಿಷ ಬೇಕು. ಜೋರು ಬೆಳಕಿನಲ್ಲಿ ರೊಡಾಪ್ಸಿನ್‌ನ ಬಣ್ಣ ಹೋಗಿರುತ್ತದೆ, ಅದರ ಒಂದು ತುಂಡು ಕಳಚಿ ಪಕ್ಕದ ಪದರಕ್ಕೆ ಹೋಗಿ ರಿಪೇರಿಯಾಗಿ ಬರಬೇಕು. ಅದಕ್ಕೇ ಅಷ್ಟು ಹೊತ್ತು.

ಆ ತುಂಡು ತಯಾರಾಗುವುದು ವಿಟಮಿನ್ ಎ ಇಂದ. ಇದನ್ನು ಬಿಡಿಸಿ ತೋರಿಸಿದ ಜಾರ್ಜ್ ವಾಲ್ಡ್‌ಗೆ 1967ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಊಟದಲ್ಲಿ ವಿಟಮಿನ್ ಎ ಸಾಲದ ಮಗುವಿಗೆ ಸಂಜೆಯಾದರೆ ದಾರಿ ಕಾಣುವುದಿಲ್ಲ. ನಮ್ಮ ಕಡೆ ಇರುಳುಗುರುಡು ಅನ್ನುವುದು ಇದಕ್ಕೇ. ಅಂಗನವಾಡಿಯಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಒಂದು ಚಮಚ ವಿಟಮಿನ್ ಎ ಕುಡಿಸುತ್ತಾರಲ್ಲ, ಅದು ಈ ರಿಪೇರಿ ಕೆಲಸಕ್ಕೆ ಬೇಕಾದ ಕಚ್ಚಾ ಸಾಮಾನು. ನುಗ್ಗೆಸೊಪ್ಪು, ಪಪ್ಪಾಯಿಗಳಲ್ಲೂ ಅದು ಸಿಗುತ್ತದೆ. ದಯವಿಟ್ಟು ಆ ಚಮಚ ತಪ್ಪಿಸಬೇಡಿ.

ಕೋನ್‌ನಿಂದ ರಾಡ್‌ಗೆ ಪಾಳಿ ಬದಲಾಗುವ ಹೊತ್ತನ್ನು ನೀವು ಹಿತ್ತಲಲ್ಲೇ ನೋಡಬಹುದು. ಮುಸ್ಸಂಜೆಯಲ್ಲಿ ಕೆಂಪು ದಾಸವಾಳದ ಗಿಡದ ಮುಂದೆ ನಿಲ್ಲಿ. ಹಗಲಲ್ಲಿ ಎಲೆಗಿಂತ ಹೂವೇ ಎದ್ದು ಕಾಣುತ್ತಿತ್ತು. ಬೆಳಕು ಇಳಿದಂತೆ ಹೂವು ಕಪ್ಪಾಗುತ್ತ ಹೋಗಿ, ಎಲೆಗಳೇ ಹೆಚ್ಚು ಬೆಳ್ಳಗೆ ಕಾಣತೊಡಗುತ್ತವೆ. ರಾಡ್‌ಗೆ ಕೆಂಪು ಬೆಳಕು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಸುಮಾರು ಇನ್ನೂರು ವರ್ಷದ ಹಿಂದೆ ಪುರ್ಕಿನ್ಯೆ ಎಂಬ ಚೆಕ್ ವಿಜ್ಞಾನಿ ಇದನ್ನು ಗಮನಿಸಿ ಬರೆದಿಟ್ಟಿದ್ದಾರೆ.

ಬೆಳಕು ಕಡಿಮೆಯಾದಾಗ ಕಣ್ಣು ಇನ್ನೊಂದು ಉಪಾಯವನ್ನೂ ಮಾಡುತ್ತದೆ. ಹೆಚ್ಚು ಹೊತ್ತು ಬೆಳಕನ್ನು ಕೂಡಿಹಾಕಿಕೊಂಡು ಆಮೇಲೆ ಸುದ್ದಿ ಕಳಿಸುತ್ತದೆ. ಹಾಗಾಗಿ ಸುದ್ದಿ ತಡವಾಗುತ್ತದೆ. ಸಂಜೆ ಗಲ್ಲಿ ಕ್ರಿಕೆಟ್‌ನಲ್ಲಿ ಚೆಂಡು ಕಣ್ಣಿಗೆ ಬೀಳುವಷ್ಟರಲ್ಲಿ ಬ್ಯಾಟ್ ದಾಟಿರುತ್ತದಲ್ಲ, ಅದರಲ್ಲಿ ಈ ತಡಕ್ಕೂ ಪಾಲಿದೆ. ಮನೆಯಲ್ಲಿ ನೋಡಬೇಕೆಂದರೆ ದಾರಕ್ಕೆ ಬೀಗದಕೈ ಕಟ್ಟಿ ಎಡದಿಂದ ಬಲಕ್ಕೆ ತೂಗಾಡಿಸಿ. ಎರಡೂ ಕಣ್ಣು ತೆರೆದು, ಒಂದರ ಮುಂದೆ ಮಾತ್ರ ಕೂಲಿಂಗ್ ಗ್ಲಾಸಿನ ಗಾಜು ಹಿಡಿದು ನೋಡಿ. ಬೀಗದಕೈ ನೇರವಾಗಿ ತೂಗುವುದರ ಬದಲು ಮುಂದಕ್ಕೂ ಹಿಂದಕ್ಕೂ ಸುತ್ತು ಹಾಕುವಂತೆ ಕಾಣುತ್ತದೆ. ಮಬ್ಬಾದ ಕಣ್ಣಿನ ಸುದ್ದಿ ಒಂದಿಷ್ಟು ತಡವಾಗಿ ಬಂದದ್ದಕ್ಕೆ ಮಿದುಳು ಕಟ್ಟಿಕೊಂಡ ಅರ್ಥ ಅದು.

ಸುತ್ತಲಿನದನ್ನು ಕಳೆದು ಹೇಳುವ ಕೋಶ

ಹಗಲಲ್ಲೂ ನಕ್ಷತ್ರಗಳು ಆಕಾಶದಲ್ಲೇ ಇರುತ್ತವೆ. ಅವುಗಳ ಬೆಳಕು ರಾತ್ರಿಯಷ್ಟೇ ನಮ್ಮ ಕಣ್ಣಿಗೆ ಬರುತ್ತದೆ. ಕಾಣುವುದಿಲ್ಲ, ಯಾಕೆಂದರೆ ಸುತ್ತಲಿನ ಆಕಾಶ ಅಷ್ಟು ಬೆಳಗುತ್ತಿದೆ. ಸೂರ್ಯನಿಗೆ ದೀಪ ಹಿಡಿದಂತೆ ಅನ್ನುವ ಮಾತಿನಲ್ಲಿರುವುದು ಇದೇ ತಿಳಿವಳಿಕೆ. ಒಂದು ಹೆಚ್ಚಳ ಗೊತ್ತಾಗಬೇಕಾದರೆ ಅದು ಎಷ್ಟು ದೊಡ್ಡದು ಅನ್ನುವುದಕ್ಕಿಂತ, ಈಗಾಗಲೇ ಇರುವುದರಲ್ಲಿ ಎಷ್ಟನೆಯ ಪಾಲು ಅನ್ನುವುದು ಮುಖ್ಯ. ಜರ್ಮನಿಯ ಅರ್ನ್ಸ್ಟ್ ವೆಬರ್ 1834ರಲ್ಲಿ ತೂಕಗಳ ವಿಚಾರದಲ್ಲಿ ಇದನ್ನು ಬರೆದರು. ಬೆಳಕಿಗೂ ಅದು ಬಹುಮಟ್ಟಿಗೆ ಹೊಂದುತ್ತದೆ.

ರೆಟಿನಾ ಈ ಪಾಲನ್ನು ಲೆಕ್ಕ ಹಾಕುವುದು ಹೇಗೆ? 1953ರಲ್ಲಿ ಸ್ಟೀಫನ್ ಕುಫ್ಲರ್ ಬೆಕ್ಕಿನ ರೆಟಿನಾದಲ್ಲಿ ಗ್ಯಾಂಗ್ಲಿಯನ್ ಕೋಶಗಳ ಮಿಡಿತ ದಾಖಲಿಸಿದರು. ಮಿದುಳಿಗೆ ಸುದ್ದಿ ಒಯ್ಯುವ ಕೋಶಗಳು ಇವೇ, ನಮ್ಮ ಒಂದು ಕಣ್ಣಿನಲ್ಲಿ ಸುಮಾರು 10 ಲಕ್ಷ ಇವೆ. ಕುಫ್ಲರ್ ಸಣ್ಣ ಬೆಳಕಿನ ಚುಕ್ಕೆಯನ್ನು ಅತ್ತಿತ್ತ ಸರಿಸಿ ನೋಡಿದರು. ಚುಕ್ಕೆ ಒಂದು ಕಡೆ ಬಿದ್ದಾಗ ಕೋಶ ಜೋರಾಗಿ ಮಿಡಿಯಿತು. ಸ್ವಲ್ಪ ಪಕ್ಕಕ್ಕೆ ಸರಿದಾಗ ತೆಪ್ಪಗಾಯಿತು. ನಡುವಿನಲ್ಲಿ ಬೆಳಕು ಬಿದ್ದರೆ ಹುರುಪು, ಸುತ್ತಲಿನ ಬಳೆಯಂಥ ಜಾಗದಲ್ಲಿ ಬಿದ್ದರೆ ತಡೆ. ಇದರ ತಿರುಗುಮುರುಗಿನ ಕೋಶಗಳೂ ಸಿಕ್ಕವು. ಎಲ್ಲ ಕಡೆ ಒಂದೇ ಸಮ ಬೆಳಕು ಹರಡಿದರೆ ಹುರುಪೂ ತಡೆಯೂ ಬಹುಮಟ್ಟಿಗೆ ವಜಾ ಆಗುತ್ತವೆ.

ಪೇಪರಿನ ಮೇಲೆ ಇದನ್ನು ಇಟ್ಟು ನೋಡಿ. ಖಾಲಿ ಹಾಳೆಯ ನಡುಭಾಗ ನೋಡುತ್ತಿರುವ ಕೋಶ ಹೇಳುವುದು ಹೆಚ್ಚೇನಿಲ್ಲ. ಅಕ್ಷರದ ಅಂಚಿನ ಮೇಲಿರುವ ಕೋಶ ಗಟ್ಟಿಯಾಗಿ ಹೇಳುತ್ತದೆ. ಸುರಂಗದಿಂದ ಹೊರಗೆ ಬಂದಾಗ ನಡುವಿನ ಬೆಳಕೂ ಸುತ್ತಲಿನ ಬೆಳಕೂ ಒಟ್ಟಿಗೆ ನೂರು ಪಟ್ಟಾಯಿತು. ಕೋನ್‌ಗಳು ತಮ್ಮ ಚುರುಕನ್ನು ತಗ್ಗಿಸಿಕೊಂಡಿವೆ, ಅಕ್ಕಪಕ್ಕದ ಕೋಶಗಳು ಸುತ್ತಲಿನ ಸರಾಸರಿಯನ್ನು ಕಳೆದಿವೆ. ಮಿದುಳಿಗೆ ಹೋಗುವ ಸುದ್ದಿ ಮೊದಲಿನಂತೆಯೇ ಇದೆ: ಇಲ್ಲಿ ಒಂದು ಅಂಚು ಇದೆ.

ಮಂಜು ಇಳಿದಾಗ

ಎಡಕುಮೇರಿ ಹತ್ತಿರ ಅವತ್ತು ಮಂಜು ಇಳಿಯಿತು. ಬೆಳಕಿಗೆ ಕೊರತೆ ಇರಲಿಲ್ಲ, ಕಿಟಕಿಯ ಹೊರಗೆ ಎಲ್ಲ ಬೆಳ್ಳಗೆ. ಆದರೆ ಏನೂ ಕಾಣುತ್ತಿರಲಿಲ್ಲ. ಇದು ಸುರಂಗದ ಕತ್ತಲಿಗಿಂತ ಬೇರೆಯೇ ಬಗೆಯ ಕುರುಡು. ಮಂಜಿಲ್ಲದಾಗ ಮರದಿಂದ 10 ಪಾಲು, ಆಕಾಶದಿಂದ 100 ಪಾಲು ಬೆಳಕು ಬರುತ್ತಿತ್ತು ಅಂದುಕೊಳ್ಳಿ. ಮಂಜು ಎರಡರ ಮೇಲೂ ತನ್ನ ಬಿಳುಪನ್ನು ಹೊದಿಸಿ 90 ಮತ್ತು 100 ಮಾಡಿಬಿಡುತ್ತದೆ. ಸರಾಸರಿ ಬೆಳಕಿಗೆ ಹೋಲಿಸಿದರೆ ಏರಿಳಿತ ಎಷ್ಟಿದೆ ಅನ್ನುವುದೇ ಕಾಂಟ್ರಾಸ್ಟ್. ಹಳೇ ಟಿವಿಗಳಲ್ಲಿ ಬ್ರೈಟ್‌ನೆಸ್‌ಗೆ ಒಂದು ತಿರುಪು, ಕಾಂಟ್ರಾಸ್ಟ್‌ಗೆ ಇನ್ನೊಂದು ತಿರುಪು ಇರುತ್ತಿತ್ತಲ್ಲ, ಎರಡೂ ಬೇರೆ ಬೇರೆ ಅಂತ ಅಲ್ಲೇ ಗೊತ್ತಾಗುತ್ತಿತ್ತು.

ಕಿಟಕಿಯಿಂದ ಕಣ್ಣು ಕೀಳದೆ ಕೂತೆ. ಮಂಜು ತೆಳುವಾಗಿರಲಿಲ್ಲ, ಆದರೂ ಸ್ವಲ್ಪ ಹೊತ್ತಿನಲ್ಲಿ ಮರಗಳ ಬೊಡ್ಡೆ, ಜರೀಗಿಡದ ಗೆರೆ ಮೆಲ್ಲಗೆ ಕಾಣಿಸತೊಡಗಿದವು. ಕಣ್ಣಿನ ನರಕೋಶಗಳು ಏರಿಳಿತದ ಗಾತ್ರಕ್ಕೂ ಒಗ್ಗಿಕೊಳ್ಳುತ್ತವೆ. ಏರಿಳಿತ ಸಣ್ಣದಾದರೆ ಕಿವಿಗೊಟ್ಟು ಕೇಳುತ್ತವೆ, ದೊಡ್ಡದಾದರೆ ವಾಲ್ಯೂಮ್ ತಗ್ಗಿಸುತ್ತವೆ.

ಬೆಕ್ಕಿನ ರೆಟಿನಾದಲ್ಲಿ ಇದರ ವೇಗದ ರೂಪವನ್ನು ರಾಬರ್ಟ್ ಶೇಪ್ಲಿ ಮತ್ತು ಜೊನಾಥನ್ ವಿಕ್ಟರ್ 1978ರಲ್ಲಿ ವಿವರಿಸಿದರು. ನನಗೆ ಹೆಚ್ಚು ಮನಸ್ಸಿಗೆ ಹತ್ತಿರವಾದದ್ದು 1997ರಲ್ಲಿ ಮಾರ್ಕಸ್ ಮೈಸ್ಟರ್ ಅವರ ತಂಡ ಪ್ರಕಟಿಸಿದ ಪ್ರಯೋಗ. ಸಾಲಮ್ಯಾಂಡರ್ (ಹಲ್ಲಿಯಂತೆ ಕಾಣುವ, ಕಪ್ಪೆಯ ಬಳಗದ ಪ್ರಾಣಿ) ಮತ್ತು ಮೊಲದ ರೆಟಿನಾವನ್ನು ಹೊರತೆಗೆದು ಜೀವಂತವಾಗಿಟ್ಟು, ಅದರ ಮುಂದೆ ಒಂದು ಪರದೆಯನ್ನು ಅಡ್ಡಾದಿಡ್ಡಿ ಮಿನುಗಿಸಿದರು. ಮೊದಲು ಮಿನುಗು ಸಣ್ಣದು. ಇದ್ದಕ್ಕಿದ್ದಂತೆ ಮಿನುಗು ದೊಡ್ಡದಾಯಿತು, ಆದರೆ ಸರಾಸರಿ ಬೆಳಕು ಒಂದಿಷ್ಟೂ ಬದಲಾಗಲಿಲ್ಲ. ಗ್ಯಾಂಗ್ಲಿಯನ್ ಕೋಶಗಳ ಮಿಡಿತ ಜಿಗಿದು ಮೇಲೇರಿತು. ಆಮೇಲೆ ಸೆಕೆಂಡುಗಟ್ಟಲೆ ಹೊತ್ತು ನಿಧಾನವಾಗಿ ಇಳಿಯಿತು, ಮುಂದಿನ ಮಿನುಗು ಮೊದಲಿನಷ್ಟೇ ಜೋರಾಗಿದ್ದರೂ. ಮತ್ತೆ ಮಿನುಗನ್ನು ಸಣ್ಣದು ಮಾಡಿದಾಗ ಕೋಶಗಳು ಮೊದಲು ಮೌನವಾದವು, ಆಮೇಲೆ ಮೆಲ್ಲಗೆ ಚೇತರಿಸಿಕೊಂಡವು. ಮಿದುಳಿನ ಸಹಾಯವೇ ಇಲ್ಲ. ಬರೀ ರೆಟಿನಾ, ತಾನೇ ತಾನಾಗಿ, ಲೋಕದ ಏರಿಳಿತ ಎಷ್ಟು ದೊಡ್ಡದು ಎಂದು ಅಂದಾಜು ಮಾಡಿಕೊಳ್ಳುತ್ತಿದೆ.

ಇದು ಎಲ್ಲಿ ಶುರುವಾಗುತ್ತದೆ? ರಾಡ್, ಕೋನ್‌ಗಳ ನಂತರದ ಬೈಪೋಲಾರ್ ಕೋಶಗಳಿಂದ. ಮದುವೆಮನೆಯ ಪಂಕ್ತಿಯಲ್ಲಿ ಬಡಿಸುವವರನ್ನು ನೆನೆಸಿಕೊಳ್ಳಿ. ಬಕೆಟ್ ತುಂಬ ಸಾರು ಹಿಡಿದು ಬಂದವರು ಮೊದಲ ಎಲೆಗಳಿಗೆ ಧಾರಾಳವಾಗಿ ಬಡಿಸುತ್ತಾರೆ. ಎಲ್ಲರೂ ಒಟ್ಟಿಗೆ ಕೇಳತೊಡಗಿದರೆ ಬಕೆಟ್ ಬೇಗ ಬರಿದಾಗುತ್ತದೆ, ಅಡುಗೆಮನೆಯಿಂದ ತುಂಬಿಸಿ ತರುವ ತನಕ ಒಂದೊಂದು ಎಲೆಗೆ ಅರ್ಧ ಸೌಟು. ಬೈಪೋಲಾರ್ ಕೋಶ ಮುಂದಿನ ಕೋಶಕ್ಕೆ ಸುದ್ದಿ ಹೇಳುವುದು ರಾಸಾಯನಿಕ ತುಂಬಿದ ಪುಟ್ಟ ಚೀಲಗಳನ್ನು ಬಿಡುಗಡೆ ಮಾಡಿ. ಏರಿಳಿತ ದೊಡ್ಡದಾದಾಗ ಚೀಲಗಳು ಬೇಗ ಖರ್ಚಾಗುತ್ತವೆ, ಹೊಸವು ಬರುವ ತನಕ ಅದೇ ಕರೆಗೆ ಕಡಿಮೆ ಚೀಲ. ಸಾಮಾನು ಮುಗಿಯುವುದೇ ಇಲ್ಲಿ ಹೊಂದಾಣಿಕೆಯ ಸಾಧನ! ಮುಂದಿನ ಗ್ಯಾಂಗ್ಲಿಯನ್ ಕೋಶದಲ್ಲಿ ಇನ್ನೊಂದು ಕಾರಣವಿದೆ. ಮಿಡಿದು ಮಿಡಿದು ಅದರ ಸೋಡಿಯಂ ಬಾಗಿಲುಗಳಲ್ಲಿ ಕೆಲವು ತಾತ್ಕಾಲಿಕವಾಗಿ ಕೆಲಸ ನಿಲ್ಲಿಸುತ್ತವೆ.

ಸ್ಟೀಫನ್ ಬ್ಯಾಕಸ್ ಮತ್ತು ಮೈಸ್ಟರ್ 2002ರಲ್ಲಿ ಇದನ್ನು ಎರಡಾಗಿ ಬಿಡಿಸಿದರು. ಒಂದು ಹೊಂದಾಣಿಕೆ ಹತ್ತರಲ್ಲೊಂದು ಸೆಕೆಂಡಿನೊಳಗೆ ಮುಗಿಯುತ್ತದೆ. ಇನ್ನೊಂದು ಹತ್ತಾರು ಸೆಕೆಂಡು ಎಳೆಯುತ್ತದೆ. ಎರಡೂ ಬೇಕು. ನಮ್ಮ ಕಣ್ಣು ಸೆಕೆಂಡಿಗೆ ಸುಮಾರು ಮೂರು ಸಲ ಜಾಗ ಬದಲಿಸುತ್ತದೆ. ಒಮ್ಮೆ ಅಜ್ಜಿಯ ಬಿಳಿ ಕೂದಲು, ಮರುಕ್ಷಣ ಅವರ ಸೀರೆಯ ಅಂಚು, ಮತ್ತೆ ಕಿಟಕಿಯ ಮಂಜು. ಪ್ರತಿ ನೆಗೆತದಲ್ಲೂ ಬೆಳಕೂ ಬೇರೆ, ಕಾಂಟ್ರಾಸ್ಟೂ ಬೇರೆ. ಅದಕ್ಕೆ ವೇಗದ ಹೊಂದಾಣಿಕೆ. ನಿಧಾನದ್ದು ಇಡೀ ವಾತಾವರಣಕ್ಕೆ, ಮಂಜು ಇಳಿದ ಘಟ್ಟದಂಥದ್ದಕ್ಕೆ.

ಟಿವಿಯ ಎರಡು ತಿರುಪಿನ ಮಾತು ಕಣ್ಣಿಗೂ ನಿಜ. 2005ರಲ್ಲಿ ಮ್ಯಾಟಿಯೊ ಕರಾಂಡಿನಿ ಅವರ ಬಳಗ ಪ್ರಕೃತಿ ದೃಶ್ಯಗಳ ಚಿತ್ರಗಳನ್ನು ತುಣುಕು ತುಣುಕಾಗಿ ಅಳೆದು ನೋಡಿತು. ಒಂದು ತುಣುಕು ಎಷ್ಟು ಬೆಳಕಾಗಿದೆ ಎಂದು ಗೊತ್ತಿದ್ದರೂ ಅದರ ಕಾಂಟ್ರಾಸ್ಟ್ ಎಷ್ಟೆಂದು ಊಹಿಸಲಾಗದು. ಎರಡಕ್ಕೂ ನಂಟಿಲ್ಲ. ಬೆಕ್ಕಿನ ಕಣ್ಣಿನಿಂದ ಮಿದುಳಿಗೆ ಹೋಗುವ ದಾರಿಯ ಕೋಶಗಳಲ್ಲಿಯೂ ಬೆಳಕಿನ ಹೊಂದಾಣಿಕೆ ಮತ್ತು ಕಾಂಟ್ರಾಸ್ಟಿನ ಹೊಂದಾಣಿಕೆ ಒಂದಕ್ಕೊಂದು ಅಡ್ಡಬಾರದೆ ನಡೆಯುತ್ತವೆ ಎಂದು ಅವರು ಕಂಡರು. ಹೊರಗಿನ ಲೋಕ ಹೇಗಿದೆಯೋ ಹಾಗೇ ಒಳಗಿನ ತಿರುಪು.

ಈ ಮಾತನ್ನು ಮೊದಲು ಖಚಿತವಾಗಿ ಹೇಳಿದವರಲ್ಲಿ ಹೊರೇಸ್ ಬಾರ್ಲೋ ಪ್ರಮುಖರು. ಅವರು ಚಾರ್ಲ್ಸ್ ಡಾರ್ವಿನ್ನರ ಮರಿಮೊಮ್ಮಗ. ನರಕೋಶಗಳು ಮೊದಲೇ ಗೊತ್ತಿರುವುದನ್ನು ಮತ್ತೆ ಮತ್ತೆ ಹೇಳಿ ಮಿಡಿತ ವ್ಯರ್ಥ ಮಾಡಬಾರದು, ಹೊಸದನ್ನು ಮಾತ್ರ ಹೇಳಬೇಕು ಎಂದು 1961ರಲ್ಲಿ ಅವರು ವಾದಿಸಿದರು. ಇಪ್ಪತ್ತು ವರ್ಷದ ನಂತರ ಸೈಮನ್ ಲಾಫ್ಲಿನ್ ಆಸ್ಟ್ರೇಲಿಯಾದಲ್ಲಿ ಇದನ್ನು ನೊಣದ ಕಣ್ಣಿನಲ್ಲಿ ಪರೀಕ್ಷೆಗೆ ಹಚ್ಚಿದರು. ಗಿಡಮರಗಳಿರುವ ಜಾಗಗಳಲ್ಲಿ ಯಾವ ಕಾಂಟ್ರಾಸ್ಟ್ ಎಷ್ಟು ಸಲ ಸಿಗುತ್ತದೆ ಎಂದು ಅಳೆದರು. ಆಮೇಲೆ ನೊಣದ ಒಂದು ಕೋಶ ಯಾವ ಕಾಂಟ್ರಾಸ್ಟ್‌ಗೆ ಎಷ್ಟು ಪ್ರತಿಕ್ರಿಯೆ ಕೊಡುತ್ತದೆ ಎಂದು ಅಳೆದರು. ಒಂದು ತರಗತಿಯಲ್ಲಿ ಬಹಳ ಮಕ್ಕಳು 60ರಿಂದ 70 ಅಂಕದೊಳಗೇ ಇದ್ದರೆ, ರ‍್ಯಾಂಕ್ ಕೊಡುವಾಗ ಮೇಷ್ಟ್ರು ಆ ಹತ್ತು ಅಂಕದೊಳಗೆ ಅರ್ಧ ಅಂಕವನ್ನೂ ನೋಡಬೇಕು. 10 ಮತ್ತು 20ರ ನಡುವೆ ಅಷ್ಟು ಕಣ್ಣಿಡುವ ಅಗತ್ಯವಿಲ್ಲ, ಅಲ್ಲಿ ಇರುವವರೇ ಒಬ್ಬಿಬ್ಬರು. ನೊಣದ ಕೋಶ ಮಾಡುತ್ತಿದ್ದದ್ದೂ ಅದನ್ನೇ. ಹೆಚ್ಚಾಗಿ ಸಿಗುವ ಕಾಂಟ್ರಾಸ್ಟ್‌ಗಳಿಗೆ ಹೆಚ್ಚು ಮೆಟ್ಟಿಲು, ಅಪರೂಪದವಕ್ಕೆ ಕಡಿಮೆ. ಎರಡು ಗೆರೆಗಳೂ ಒಂದರ ಮೇಲೊಂದು ಕೂತವು.

ಹಾಗೆ ನೋಡಿದರೆ ಹೊಂದಾಣಿಕೆಗೆ ಒಂದು ಬೆಲೆಯೂ ಇದೆ. ಕಾಂಟ್ರಾಸ್ಟ್ ಜೋರಿದ್ದ ಜಾಗದಿಂದ ದಿಢೀರನೆ ಮಂಜಿಗೆ ಹೋದರೆ, ವಾಲ್ಯೂಮ್ ತಗ್ಗಿಸಿ ಕೂತ ಕೋಶಗಳು ಸ್ವಲ್ಪ ಹೊತ್ತು ಕಿವುಡಾಗುತ್ತವೆ. ಅದಕ್ಕೂ ರೆಟಿನಾದಲ್ಲಿ ಪರಿಹಾರವಿದೆ. 2011ರಲ್ಲಿ ಡೇವಿಡ್ ಕ್ಯಾಸ್ಟ್ನರ್ ಮತ್ತು ಬ್ಯಾಕಸ್ ಇನ್ನೊಂದು ಬಗೆಯ ಗ್ಯಾಂಗ್ಲಿಯನ್ ಕೋಶಗಳನ್ನು ವಿವರಿಸಿದರು. ಜೋರು ಕಾಂಟ್ರಾಸ್ಟ್ ಮುಗಿದ ಮೇಲೆ ಇವು ಮಂಕಾಗುವುದಿಲ್ಲ, ಇನ್ನೂ ಚುರುಕಾಗುತ್ತವೆ. ಒಂದು ಗುಂಪು ದಣಿದು ಕೂತಾಗ ಇನ್ನೊಂದು ಗುಂಪು ಸಣ್ಣ ಸುಳಿವಿಗೂ ಕಾದಿರುತ್ತದೆ.

ಮಿದುಳಿನಲ್ಲೂ ಇದು ಮುಂದುವರಿಯುತ್ತದೆ. ನೋಟದ ಭಾಗದ ಕೋಶಗಳು ಒಂದೊಂದು ವಾಲಿಕೆಯ ಗೆರೆಗೆ ಓಗೊಡುತ್ತವೆ. ನಿಂತ ಪಟ್ಟೆಗಳನ್ನು ಒಂದು ನಿಮಿಷ ನೋಡಿದ ಮೇಲೆ ಮಸುಕಾದ ನಿಂತ ಪಟ್ಟೆ ಕಾಣಿಸುವುದೇ ಇಲ್ಲ, ಮಲಗಿದ ಪಟ್ಟೆ ಮಾಮೂಲಿನಂತೆ ಕಾಣುತ್ತದೆ. ಕಾಲಿನ್ ಬ್ಲೇಕ್‌ಮೋರ್ ಮತ್ತು ಫರ್ಗಸ್ ಕ್ಯಾಂಪ್‌ಬೆಲ್ 1969ರಲ್ಲಿ ತೋರಿಸಿದ್ದು ಇದು. ಜೋಗದಲ್ಲಿ ನೀರು ಬೀಳುವುದನ್ನೇ ಒಂದು ನಿಮಿಷ ದಿಟ್ಟಿಸಿ, ಆಮೇಲೆ ಪಕ್ಕದ ಬಂಡೆ ನೋಡಿ. ಬಂಡೆ ಮೆಲ್ಲಗೆ ಮೇಲಕ್ಕೆ ಏರುತ್ತಿರುವಂತೆ ಕಾಣುತ್ತದೆ. ಕೆಳಕ್ಕೆ ಚಲಿಸುವುದನ್ನು ಗುರುತಿಸುವ ಕೋಶಗಳು ಒಗ್ಗಿ ಮಂಕಾಗಿವೆ, ಮೇಲಕ್ಕೆ ಗುರುತಿಸುವವು ಹಾಗೇ ಇವೆ.

ನಮ್ಮಮ್ಮನಿಗೆ ಕಣ್ಣಿನ ಪೊರೆ ತೆಗೆಸಿದ ಮರುದಿನ ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದರು. ಹಗ್ಗದ ಮೇಲೆ ಅಪ್ಪನ ಪಂಚೆ ಒಣಗುತ್ತಿತ್ತು. "ನೋಡೋ, ಇದು ಇಷ್ಟು ಬೆಳ್ಳಗಿತ್ತಾ? ನೀಲಿ ಜಾಸ್ತಿ ಹಾಕಿದ್ದೀರಾ?" ಅಂತ ಕೇಳಿದರು. ಹಳದಿಗಟ್ಟಿದ ಪೊರೆಯೊಳಗಿನಿಂದ ವರ್ಷಗಟ್ಟಲೆ ನೋಡಿ, ಆ ಹಳದಿಗೇ ಅವರ ಕಣ್ಣು ಒಗ್ಗಿಬಿಟ್ಟಿತ್ತು. ಪೊರೆ ಹೋದಾಗ ಬಿಳಿಯೇ ನೀಲಿಯಾಗಿ ಕಂಡಿತು. ಕೆಲವು ವಾರ ಕಳೆದ ಮೇಲೆ ಅದೇ ಪಂಚೆಯ ಬಗ್ಗೆ ಕೇಳಿದೆ. "ಏನಾಗಿದೆ ಅದಕ್ಕೆ? ಬೆಳ್ಳಗೇ ಇದೆಯಲ್ಲ" ಅಂದರು.

ಕೊನೆಗೆ ಇನ್ನೊಂದು, ಇದನ್ನು ಇವತ್ತೇ ಮಾಡಿ ನೋಡಿ. ಹಳೇ ಲಗ್ನಪತ್ರಿಕೆಯ ರಟ್ಟಿನಲ್ಲಿ ಸೂಜಿಯಿಂದ ಒಂದು ತೂತು ಮಾಡಿ. ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿಗೆ ತೀರಾ ಹತ್ತಿರ ರಟ್ಟು ಹಿಡಿದು, ತೂತಿನ ಮೂಲಕ ಬಿಳಿ ಮೋಡವನ್ನೋ ಬೆಳಕು ಬಿದ್ದ ಸುಣ್ಣದ ಗೋಡೆಯನ್ನೋ ನೋಡಿ. ಸೂರ್ಯನ ಕಡೆ ಮಾತ್ರ ಬೇಡ. ಈಗ ರಟ್ಟನ್ನು ಚಿಕ್ಕ ಚಿಕ್ಕ ಸುತ್ತಿನಲ್ಲಿ ಬೇಗ ಬೇಗ ಅಲುಗಾಡಿಸಿ. ಒಣಗಿದ ಮರದ ಕೊಂಬೆಗಳಂತೆ ಕವಲೊಡೆದ ಸಣ್ಣ ಗೆರೆಗಳು ಕಾಣುತ್ತವೆ. ಅವು ನಿಮ್ಮ ರೆಟಿನಾದ ಮೇಲೆ ಹರಡಿರುವ ರಕ್ತನಾಳಗಳ ನೆರಳು. ಹುಟ್ಟಿದಾಗಿನಿಂದ ನಿಮ್ಮ ಕಣ್ಣ ಮುಂದೆಯೇ ಇವೆ. ಒಂದೇ ಜಾಗದಲ್ಲಿ ಅಲುಗದೆ ಬೀಳುವ ನೆರಳಾದ್ದರಿಂದ ಕೋಶಗಳು ಅದಕ್ಕೆ ಒಗ್ಗಿ ಸುಮ್ಮನಾಗಿದ್ದವು. ತೂತು ಅಲುಗಿದಾಗ ನೆರಳು ಪಕ್ಕದ ಕೋಶಗಳ ಮೇಲೆ ಸರಿಯಿತು, ಅವು ಮಿಡಿದವು. ಈಗ ಕೈ ನಿಲ್ಲಿಸಿ. ಒಂದೆರಡು ಸೆಕೆಂಡಿನಲ್ಲಿ ಕೊಂಬೆಗಳು ಒಂದೊಂದಾಗಿ ಮಾಸಿ, ಮತ್ತೆ ಬರೀ ಬಿಳಿ ಗೋಡೆ.